ರಾಷ್ಟ್ರೀಯ ಪ್ರಶಸ್ತಿಗೆ ಹೊರತಾದ ಮೂರು ಐತಿಹಾಸಿಕ ಚಿತ್ರಗಳು

ಒಂದು ಕೃತಿಯನ್ನು ಜನರು ಮೆಚ್ಚುವುದು ಬೇರೆ, ತೀರ್ಪುಗಾರರು ಮನ್ನಿಸುವುದು ಬೇರೆ. ಕನ್ನಡದ ಐತಿಹಾಸಿಕ ಚಲನಚಿತ್ರಗಳ ಮಟ್ಟಿಗೆ ಇವೆರಡರ ನಡುವಣ ಅಂತರವು ವಿಚಾರಾರ್ಹವಾದುದು. ‘ರಣಧೀರ ಕಂಠೀರವ’ (1960), ‘ಇಮ್ಮಡಿ ಪುಲಿಕೇಶಿ’ (1967), ‘ಮಯೂರ’ (1975) ಈ ಮೂರನ್ನೂ ಕನ್ನಡಿಗರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಪಿ.ಜೆ. ಬಡಾವಣೆಯ ಹಿರಿಯರೊಡನೆ ಇವುಗಳ ಪ್ರಸ್ತಾಪವೆತ್ತಿದರೆ ಮೊದಲು ಬರುವುದು ಸಂಭಾಷಣೆಯ ಮಾತೇ ಹೊರತು ಪ್ರಶಸ್ತಿಯ ಮಾತಲ್ಲ. ಬರುವಂತೆಯೂ ಇಲ್ಲ, ಕನ್ನಡಕ್ಕೆ ಮೀಸಲಾದ ರಾಷ್ಟ್ರೀಯ ಪ್ರಶಸ್ತಿಯು 1960ರ ಸಾಲಿನಲ್ಲಿ ‘ಭಕ್ತ ಕನಕದಾಸ’ಕ್ಕೂ, 1967ರಲ್ಲಿ ‘ಬಂಗಾರದ ಹೂವು’ ಚಿತ್ರಕ್ಕೂ, 1975ರಲ್ಲಿ ‘ಹಂಸಗೀತೆ’ಗೂ ಸಂದಿತು. ಮೊದಲೆರಡು ಚಿತ್ರಗಳ ನಾಯಕರೂ ರಾಜಕುಮಾರರೇ ಎಂಬುದು ಸ್ವಾರಸ್ಯ.

ತೀರ್ಪುಗಾರರಿಗೆ ಇತಿಹಾಸವೇ ಬೇಡವಾಗಿತ್ತೆಂದು ಹೇಳಿದರೆ ಅದು ಸಲ್ಲದು. 1961ರ ‘ಕಿತ್ತೂರು ಚೆನ್ನಮ್ಮ’ ಅರ್ಹತಾಪತ್ರವನ್ನು ಪಡೆಯಿತು. ‘ಹಂಸಗೀತೆ’ಯಾದರೂ ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿ ಜಿ.ವಿ. ಅಯ್ಯರ್ ಅವರು ತೆಗೆದ, ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಸಂಗೀತಗಾರನೊಬ್ಬನ ಕಥೆ. (1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದುದರಿಂದ ಅದು ನಮ್ಮ ಜಿಲ್ಲೆಯ ಕಥೆಯೇ.) ಆದುದರಿಂದ ಕಾರಣವನ್ನು ವಸ್ತುವಿನಲ್ಲಿ ಅಲ್ಲ, ನಿರೂಪಣಾಶೈಲಿಯಲ್ಲಿ ಅರಸಬೇಕಾಗುತ್ತದೆ.

‘ರಣಧೀರ ಕಂಠೀರವ’ವನ್ನು ನಿರ್ಮಿಸಿದವರು ಕಲಾವಿದರೇ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಇವರು ಸಂಘ ಕಟ್ಟಿ, ಊರೂರುಗಳಲ್ಲಿ ನಾಟಕವಾಡಿ, ಆ ಬಲದಿಂದ ಚಿತ್ರ ತೆಗೆದರು. ಇವರೆಲ್ಲರೂ ವೃತ್ತಿರಂಗಭೂಮಿಯಲ್ಲಿ ಪಳಗಿದವರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸುವಂತೆ ನುಡಿಯುವ ದೀರ್ಘ ಸಂಭಾಷಣೆ, ಸಭೆಗೆ ಅಭಿಮುಖವಾಗಿ ನಿಲ್ಲುವ ನಟ, ದರ್ಬಾರಿನ ದೃಶ್ಯ ಇವು ಕಂಪೆನಿ ನಾಟಕದಿಂದ ನೇರವಾಗಿ ಬಂದವು. ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪೆನಿಯನ್ನು ಬಲ್ಲ ದಾವಣಗೆರೆಗೆ ಈ ಕಲೆಯನ್ನು ಪರಿಚಯಿಸಬೇಕಾದುದಿಲ್ಲ. ಆದರೆ ಸಿನಿಮಾಕ್ಕೆ ತನ್ನದೇ ಭಾಷೆ ಇರಬೇಕೆಂದು ಬಯಸುವವರಿಗೆ ಇದು ಚಿತ್ರೀಕರಿಸಿದ ನಾಟಕವಾಗಿಯೇ ತೋರುವುದು ಸಹಜ. 1970ರ ‘ಸಂಸ್ಕಾರ’ಕ್ಕೆ ಸ್ವರ್ಣಕಮಲ ಬಂದ ಮೇಲಂತೂ ವಾಸ್ತವಿಕ ಮಾರ್ಗದ ಕಡೆಗೇ ಗೌರವ ಹೆಚ್ಚಾಗಿ ಹರಿಯಿತು. 1975ರಲ್ಲಿ ಆ ಕಮಲ ‘ಚೋಮನ ದುಡಿ’ಯದಾಯಿತು.

ಆ ನಿಲುವಿನಲ್ಲಿ ಅರ್ಧ ನ್ಯಾಯವಿದೆಯೆಂದು ನಾವು ಭಾವಿಸುತ್ತೇವೆ. ‘ಮಯೂರ’ವನ್ನೇ ನೋಡಬಹುದು. ತಾಳಗುಂದದ ಶಾಸನದಲ್ಲಿ ಮಯೂರಶರ್ಮನು ವಿದ್ಯಾರ್ಜನೆಗಾಗಿ ಕಂಚಿಗೆ ಹೋದ ಬ್ರಾಹ್ಮಣ. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದವನು. ದೇವುಡು ಅವರ ಕಾದಂಬರಿಯಿಂದ ಹೊರಟ ಚಿತ್ರದಲ್ಲಾದರೋ ಅವನು ತನ್ನ ಹುಟ್ಟನ್ನು ಅರಿಯದೆ ಬೆಳೆದ ರಾಜಕುಮಾರ. ಅವಮಾನಿತನಾದ ವಿದ್ಯಾರ್ಥಿಯೊಬ್ಬ ರಾಜ್ಯ ಕಟ್ಟಿದನೆಂಬ ಅಪೂರ್ವ ಸಂಗತಿಯು, ಕಳೆದುಹೋದ ಸಿಂಹಾಸನವನ್ನು ಮರಳಿ ಪಡೆಯುವ ಪರಿಚಿತ ಕಥೆಯಾಗಿ ಇಳಿಯಿತು. ಇದು ನಷ್ಟವೇ.

ಉಳಿದರ್ಧ ಅನ್ಯಾಯ. ಆ ವಾಚಿಕಾಭಿನಯವನ್ನು ದೋಷವೆಂದು ಎಣಿಸುವ ಮೊದಲು ಅದನ್ನು ಒಂದು ಸಿದ್ಧಿಯಾಗಿ ಅಳೆಯಲು ಮಾನದಂಡವಿತ್ತೆ? ಅಭಿನಯಕ್ಕೆ ರಾಷ್ಟ್ರೀಯ ಪ್ರಶಸ್ತಿಯನ್ನು ಒಮ್ಮೆಯೂ ಕಾಣದ ರಾಜಕುಮಾರರಿಗೆ 1992ರ ‘ಜೀವನ ಚೈತ್ರ’ದ ಗಾಯನಕ್ಕಾಗಿ ಅದು ದೊರೆಯಿತು; 1995ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಆಮೇಲೆ ಬಂದಿತು.