ಆ ಗವಿ ನಿಜಕ್ಕೂ ಇದೆ!

ಆಟದೊಳಗಿನ ಆ ಗವಿ ನಿಜಕ್ಕೂ ಇದೆ! ಮಂಡಿಯೂರಿ ತೆವಳಬೇಕಾದ ಕಿರುದಾರಿ, ಕಾಲಬುಡದಲ್ಲೇ ಬಾಯ್ದೆರೆಯುವ ಕಮರಿ, ಹತ್ತು ಕಡೆಗೆ ಕವಲೊಡೆದು ದಿಕ್ಕು ತಪ್ಪಿಸುವ ತೂತುತೂತು ಕೋಣೆ, ಎಲ್ಲವೂ ಅಮೆರಿಕದ ಕೆಂಟಕಿ ರಾಜ್ಯದ ಸುಣ್ಣಕಲ್ಲಿನ ಗುಡ್ಡಗಳಡಿ ಇವತ್ತಿಗೂ ತಣ್ಣಗೆ ಕೂತಿವೆ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಟದ ಹೆಸರು 'ಅಡ್ವೆಂಚರ್'. ಚಿತ್ರವಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಇರುವುದು ಬರೀ ಮಾತು. ನೀವು ಎಲ್ಲಿ ನಿಂತಿದ್ದೀರಿ, ಸುತ್ತ ಏನಿದೆ ಎಂದು ಯಂತ್ರ ನಾಲ್ಕು ಸಾಲಲ್ಲಿ ಹೇಳುತ್ತದೆ. ನೀವು ಇಂಗ್ಲಿಷಿನಲ್ಲಿ ಒಂದೋ ಎರಡೋ ಪದ ಟೈಪ್ ಮಾಡಬೇಕು: ದೀಪ ತಗೋ, ಪಶ್ಚಿಮಕ್ಕೆ ಹೋಗು, ಹಕ್ಕಿ ಬಿಡು. ಅಷ್ಟೇ! ಯಂತ್ರ ನಿಮ್ಮ ಮಾತು ಕೇಳಿ ಮುಂದಿನ ಕತ್ತಲೆಗೆ ಕರೆದೊಯ್ಯುತ್ತದೆ. ದಾರಿಗಡ್ಡ ಮಲಗಿದ ಘೋರ ಹಾವನ್ನು ನೀವು ಹೊಡೆದು ಓಡಿಸಲಾರಿರಿ. ಪಂಜರದಲ್ಲಿ ಹೊತ್ತು ತಂದ ಪುಟ್ಟ ಹಕ್ಕಿಯನ್ನು ಬಿಟ್ಟು ನೋಡಿ, ಅದೇ ಹಾವನ್ನು ಅಟ್ಟಿಬಿಡುತ್ತದೆ! ದೀಪವಿಲ್ಲದೆ ಹೆಜ್ಜೆಯಿಟ್ಟಿರೋ, ಹಳ್ಳಕ್ಕೆ ಬಿದ್ದು ಮೂಳೆ ಮುರಿದುಕೊಂಡಿರಿ.

ಬರೆದವರು ವಿಲ್ ಕ್ರೌದರ್. ಮ್ಯಾಸಚೂಸೆಟ್ಸ್‌ನ ಬಿಬಿಎನ್ ಕಂಪನಿಯಲ್ಲಿ ಪ್ರೋಗ್ರಾಮರ್. ಅವರೂ ಪತ್ನಿ ಪ್ಯಾಟ್ರೀಷಿಯಾ ಅವರೂ ಗವಿ ಹುಡುಕುವ ಹುಚ್ಚಿನವರು. ಕೆಂಟಕಿಯ ಗವಿಗಳಲ್ಲಿ ಅಳತೆ ತೆಗೆದು, ಆ ಅಂಕಿಗಳನ್ನು ಮನೆಯಲ್ಲಿದ್ದ ಟೆಲಿಟೈಪಿನಿಂದ ಆಫೀಸಿನ ಕಂಪ್ಯೂಟರಿಗೆ ಕಳಿಸಿ, ಅದರಿಂದಲೇ ನಕ್ಷೆ ಬರೆಸುತ್ತಿದ್ದರು. ಅರವತ್ತರ ದಶಕ ದಾಟಿ ಇನ್ನೂ ಹೆಚ್ಚು ದಿನವಾಗಿರದ ಕಾಲದಲ್ಲಿ ಇದು ನಡೆಯುತ್ತಿತ್ತು!

ಇನ್ನು ಪ್ಯಾಟ್ರೀಷಿಯಾ ಮಾಡಿದ್ದನ್ನು ಕೇಳಿ. ಫ್ಲಿಂಟ್ ರಿಡ್ಜ್‌ನ ಗವಿಗಳಿಗೂ ಹೆಸರಾಂತ ಮ್ಯಾಮತ್ ಗವಿಗೂ ಒಳಗೊಳಗೇ ನಂಟಿರಬಹುದೆಂದು ಅನ್ವೇಷಕರು ವರ್ಷಗಟ್ಟಲೆ ಹುಡುಕುತ್ತಿದ್ದರು. 1972ರ ಜುಲೈನಲ್ಲಿ, ಬೇರೆಯವರ ಮೈ ಹಿಡಿಸದ ಒಂದು ಬಿರುಕಿನಲ್ಲಿ ಸಪೂರ ಮೈಯ ಪ್ಯಾಟ್ರೀಷಿಯಾ ನುಸುಳಿ ಆಚೆ ಹೊರಟರು. ಸೆಪ್ಟೆಂಬರ್ 9ರಂದು ಆರು ಜನರ ತಂಡ ಅದೇ ಜಾಡು ಹಿಡಿಯಿತು. ಎದೆಮಟ್ಟದ ತಣ್ಣೀರು, ತಲೆಗೆ ತಾಗುವಂಥ ಮಾಡು, ಆಮೇಲೆ ದೀಪದ ಬೆಳಕಿಗೆ ಏನೋ ಕಂಡಿತು. ಲೋಹದ ಕಂಬಿ! ಮ್ಯಾಮತ್ ಗವಿಯ ಪ್ರವಾಸಿಗರು ಹಿಡಿದುಕೊಳ್ಳಲೆಂದು ಹಾಕಿದ್ದ ಕಂಬಿ! ಎರಡು ಗವಿ ಒಂದಾದವು. ಜಗತ್ತಿನ ಅತಿ ಉದ್ದದ ಗವಿ ಅದು. ಇಂದಿನವರೆಗೆ ಅಳೆದು ಮುಗಿಸಿದ್ದೇ 680 ಕಿಲೋಮೀಟರಿಗೂ ಹೆಚ್ಚು.

ಮುಂದೆ ಆ ಸಂಸಾರ ಒಡೆಯಿತು. ಕ್ರೌದರ್ ಗವಿಗಳಿಂದಲೂ ದೂರವಾದರು. ಮಕ್ಕಳೊಂದಿಗಿನ ಒಡನಾಟ ಕೈಜಾರುತ್ತಿದೆ ಅನ್ನಿಸಿದಾಗ, 1975-76ರ ಹೊತ್ತಿಗೆ, ಕಂಪ್ಯೂಟರ್ ಗೊತ್ತಿಲ್ಲದ ತಮ್ಮ ಪುಟ್ಟ ಹೆಣ್ಣುಮಕ್ಕಳೂ ಆಡಬಲ್ಲ ಆಟವೊಂದನ್ನು ಬರೆಯಲು ಕೂತರು. ಎಲ್ಲಿಗೆ ಕರೆದೊಯ್ದರು ಅವರನ್ನು? ತಾವು ಇಂಚಿಂಚೂ ಬಲ್ಲ ಕೆಂಟಕಿಯ ಬೆಡ್‌ಕ್ವಿಲ್ಟ್ ಗವಿಗೆ! ಫೋರ್ಟ್ರಾನ್ ಭಾಷೆಯಲ್ಲಿ ಸುಮಾರು 700 ಸಾಲು ಪ್ರೋಗ್ರಾಮ್, ಅಷ್ಟೇ ಸಾಲು ದತ್ತಾಂಶ, 66 ಕೋಣೆ, 193 ಪದ. ಅಷ್ಟರಲ್ಲಿ ಒಂದು ಪಾತಾಳವೇ ಹಿಡಿಸಿತು. ಅಲ್ಲಿನ ವಿವರಣೆಗಳು ಅಷ್ಟು ಬಿಗಿಯಾಗಿರುವುದೇಕೆಂದು ನನಗೆ ಈಗ ಅರ್ಥವಾಗುತ್ತದೆ. ಕಂಡದ್ದನ್ನು ಕಂಡಂತೆ ಬರೆಯುವ ಸರ್ವೆಯವನ ಕೈ ಅದು.

ಆಟ ಓಡುತ್ತಿದ್ದ ಪಿಡಿಪಿ-10 ಯಂತ್ರದ ನೆನಪಿನ ಒಂದು ಮನೆಯಲ್ಲಿ 36 ಬಿಟ್ ಇರುತ್ತಿತ್ತು, ಅಂದರೆ ಐದೇ ಅಕ್ಷರಕ್ಕೆ ಜಾಗ. ಆದ್ದರಿಂದ ಆಟ ಪ್ರತಿ ಪದದ ಮೊದಲ ಐದು ಅಕ್ಷರ ಮಾತ್ರ ನೋಡುತ್ತಿತ್ತು. 'ನಾರ್ತ್‌ಈಸ್ಟ್' ಎಂದು ಪೂರ್ತಿ ಬರೆದರೂ ಅದಕ್ಕೆ ಕೇಳಿಸುತ್ತಿದ್ದದ್ದು ಬರೀ 'ನಾರ್ತ್'!

ನನ್ನ ಮೈ ಜುಮ್ಮೆನ್ನಿಸಿದ್ದು ಇದರ ಮುಂದಿನ ಕತೆ. ಇಂಟರ್ನೆಟ್ಟಿನ ಅಜ್ಜಿಯೆನ್ನಬಹುದಾದ ಅರ್ಪಾನೆಟ್ 1969ರಲ್ಲಿ ಕಣ್ಣುಬಿಟ್ಟಿತಲ್ಲ, ಅದರಲ್ಲಿ ಯಾವ ಸಂದೇಶ ಯಾವ ಕವಲಿಗೆ ಹೊರಳಬೇಕೆಂದು ತೀರ್ಮಾನಿಸುವ ಯಂತ್ರಗಳಿಗೆ ಪ್ರೋಗ್ರಾಮ್ ಬರೆದ ಚಿಕ್ಕ ಗುಂಪಿನಲ್ಲಿ ಇದೇ ಕ್ರೌದರ್ ಇದ್ದರು! ನೆಲದಡಿಯ ಕವಲುದಾರಿ ಅಳೆದವರೇ ತಂತಿಯೊಳಗಿನ ಕವಲುದಾರಿಯನ್ನೂ ಕಟ್ಟಿದ್ದರು. ಅವರ ಆಟ ಊರೂರಿಗೆ ಹಬ್ಬಿದ್ದು ಅದೇ ದಾರಿಯಲ್ಲಿ. 1976ರಲ್ಲಿ ಅದರ ಪ್ರತಿಯೊಂದು ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಡಾನ್ ವುಡ್ಸ್ ಕಣ್ಣಿಗೆ ಬಿತ್ತು. ಲೇಖಕರ ಹೆಸರು ಗೊತ್ತು, ವಿಳಾಸ ಗೊತ್ತಿಲ್ಲ. ಅವರು ಏನು ಮಾಡಿದರು ಗೊತ್ತೇ? ಅರ್ಪಾನೆಟ್‌ನಲ್ಲಿದ್ದ ಒಂದೊಂದು ಕಂಪ್ಯೂಟರಿಗೂ 'ಕ್ರೌದರ್' ಎಂಬ ಹೆಸರಿಗೆ ಇಮೇಲ್ ಹಾಕಿದರು! ಜಾಲದಲ್ಲಿದ್ದ ಕಂಪ್ಯೂಟರುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದಿಡಬಹುದಾಗಿದ್ದ ಕಾಲವದು. ಉತ್ತರ ಬಂತು, ಒಪ್ಪಿಗೆಯೂ ಸಿಕ್ಕಿತು. ವುಡ್ಸ್ ಗವಿಯನ್ನು ಹಿಗ್ಗಿಸಿ 140 ತಾಣಗಳಿಗೆ ಏರಿಸಿದರು. ದೀಪದ ಬ್ಯಾಟರಿ ಮುಗಿಯುವಂತೆಯೂ ಮಾಡಿದರು.

ಆಮೇಲಿನದು ಕಾಳ್ಗಿಚ್ಚು. 1977ರಲ್ಲಿ ಎಂಐಟಿಯ ಹುಡುಗರು ಇದನ್ನಾಡಿ 'ಝೋರ್ಕ್' ಬರೆದರು. ರೊಬರ್ಟಾ ವಿಲಿಯಮ್ಸ್ ಇದರ ಗುಂಗಿನಲ್ಲೇ 1980ರಲ್ಲಿ ಚಿತ್ರಗಳಿರುವ 'ಮಿಸ್ಟರಿ ಹೌಸ್' ತಂದರು.

ಆದರೆ ಕ್ರೌದರ್ ಬರೆದ ಮೊದಲ ಪ್ರತಿ ಕಳೆದೇಹೋಗಿತ್ತು. ಸುಮಾರು ಮೂವತ್ತು ವರ್ಷ! 2005ರಲ್ಲಿ ಅದು ಸಿಕ್ಕಿತು, ವುಡ್ಸ್ ಅವರ ವಿದ್ಯಾರ್ಥಿ ಖಾತೆಯ ಹಳೆಯ ಬ್ಯಾಕಪ್ಪಿನೊಳಗೆ. ಅದೇ ವರ್ಷ ಡೆನಿಸ್ ಜೆರ್ಜ್ ಎಂಬ ಪ್ರಾಧ್ಯಾಪಕರು ಗವಿಬಲ್ಲವರ ಜತೆ ಒಳಗಿಳಿದು, ಆಟದ ಮಾತುಗಳನ್ನು ಕಲ್ಲಿನ ಜತೆ ಹೋಲಿಸಿ ನೋಡಿ ಬಂದರು.

ಅದಕ್ಕೂ ಮೊದಲೇ ಒಬ್ಬಾಕೆ ಈ ಹೋಲಿಕೆಯನ್ನು ಮೈಯಾರೆ ಮಾಡಿ ತೋರಿಸಿದ್ದರು. ಸರ್ವೆ ತಂಡದೊಂದಿಗೆ ಆಕೆ ಬೆಡ್‌ಕ್ವಿಲ್ಟ್‌ಗೆ ಬಂದದ್ದು ಅದೇ ಮೊದಲು. ಆಟ ಮಾತ್ರ ಬಾಯಿಪಾಠ. ಒಳಗೆ ಹೋಗುತ್ತಾ ಮುಂದೆ ಏನು ಬರುತ್ತದೆಂದು ಹೇಳುತ್ತಲೇ ಇದ್ದರು. ಕೆಲಸ ಮುಗಿದ ಮೇಲೆ ತಂಡದ ಮುಖಂಡರು, ವಾಪಸು ದಾರಿ ನೀವೇ ತೋರಿಸಿ ಎಂದು ಆಕೆಯನ್ನು ಮುಂದೆ ಬಿಟ್ಟರು. ಪಳಗಿದವರೂ ತಡವರಿಸುವ ಆ ಚಕ್ರವ್ಯೂಹದಲ್ಲಿ ಆಕೆ ಒಂದು ತಿರುವೂ ತಪ್ಪಲಿಲ್ಲ. ಎಲ್ಲರನ್ನೂ ಬೆಳಕಿಗೆ ಕರೆತಂದರು.