ಸೇವಂತಿಗೆಯ ಶೀತಸಹಿಷ್ಣುತೆ ಮತ್ತು ಬೆಂಗಳೂರಿನ ಚಳಿಗಾಲ

ಕಾರ್ತಿಕ ಕಳೆದು ಮಾರ್ಗಶಿರ ಬರುವ ವೇಳೆಗೆ ಗಾಂಧಿಬಜಾರಿನಲ್ಲಿಯೂ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿಯೂ ಮಾರಿನ ಲೆಕ್ಕದಲ್ಲಿ ಮಾರಾಟವಾಗುವ ಸೇವಂತಿಗೆಯನ್ನು ಕಂಡವರು, ಈ ಹೂವು ಚಳಿಯನ್ನೇ ಬಯಸುವುದೆಂದು ಭಾವಿಸುವುದು ಸಹಜ. ತೋಟಗಾರಿಕೆಯ ಇಂಗ್ಲಿಷ್ ಗ್ರಂಥಗಳಾದರೋ ಇದೇ ಗಿಡವನ್ನು ಚಳಿಗಾಲದಲ್ಲಿ ಕಾಪಾಡಬೇಕೆಂದು ಎಚ್ಚರಿಸುತ್ತವೆ. ಇವೆರಡರಲ್ಲಿ ಯಾವ ಅಭಿಪ್ರಾಯವು ನಮ್ಮ ಊರಿಗೆ ಸಲ್ಲುತ್ತದೆ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಚರಿತ್ರೆಯ ಅಧ್ಯಾಪಕರಾದ ನಾವು ಸಸ್ಯದ ವಿಷಯಕ್ಕೆ ಕೈಹಾಕಿದುದೇಕೆ ಎಂಬುದು ಮುಂದೆ ತಾನಾಗಿಯೇ ಸ್ಪಷ್ಟವಾಗುವುದು.

ಸೇವಂತಿಗೆಯು ಬಹುವಾರ್ಷಿಕ ಸಸ್ಯ. ಚೀನಾದಲ್ಲಿ ಪುರಾತನ ಕಾಲದಿಂದಲೂ ಕೃಷಿಯಲ್ಲಿದ್ದು, ಅಲ್ಲಿಂದ ಜಪಾನಿಗೆ ಹೋಯಿತು. 1789ರಲ್ಲಿ ಪಿಯರ್ ಬ್ಲಾಂಕಾರ್ ಎಂಬ ಫ್ರೆಂಚ್ ವರ್ತಕನು ಮಾರ್ಸೇಲ್ಸ್ ನಗರಕ್ಕೆ ತಂದ ಮೂರು ಬಗೆಗಳಲ್ಲಿ ಒಂದು ಮಾತ್ರ ಉಳಿದುಕೊಂಡಿತು. 1846ರಲ್ಲಿ ರಾಬರ್ಟ್ ಫಾರ್ಚೂನ್ ಚೀನಾದಿಂದ ಇಂಗ್ಲೆಂಡಿಗೆ ಚಿಕ್ಕ ಹೂವಿನ ಬಗೆಯೊಂದನ್ನು ತಂದನು. ಹೀಗೆ ಈ ಗಿಡವು ನೆಲವೇ ಹೆಪ್ಪುಗಟ್ಟುವ ದೇಶಗಳಲ್ಲಿ ಮನೆಮಾತಾಯಿತು. ಅದು ಚಳಿಗಾಲವನ್ನು ದಾಟಬಲ್ಲುದೇ ಎಂಬ ಪ್ರಶ್ನೆಯು ಆ ದೇಶಗಳ ತೋಟಗಾರರಿಗೆ ಮುಖ್ಯವಾದುದು ಆದಕಾರಣವೇ.

ಶೀತಸಹಿಷ್ಣುತೆಯೆಂದರೆ ಕೇವಲ ತಂಪನ್ನು ತಾಳುವುದಲ್ಲ; ಸುತ್ತಣ ನೀರು ಹೆಪ್ಪುಗಟ್ಟಿದಾಗಲೂ ಜೀವವನ್ನು ಉಳಿಸಿಕೊಳ್ಳುವ ಶಕ್ತಿ. ಉಷ್ಣಮಾನವು ಮೆಲ್ಲಮೆಲ್ಲನೆ ಇಳಿದಂತೆ ಜೀವಕೋಶಗಳಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ. ಕೋಶದ ಪೊರೆಯೂ ಮಾರ್ಪಡುತ್ತದೆ. ಆಗ ಮಂಜುಗಡ್ಡೆಯು ಕೋಶದ ಒಳಗೆ ಕಟ್ಟದೆ ಕೋಶಗಳ ನಡುವಣ ಎಡೆಯಲ್ಲಿ ಕಟ್ಟುತ್ತದೆ. ನೆಲದ ಮೇಲಣ ಕಾಂಡವು ಸತ್ತರೂ ಬುಡದ ಕಂದುಗಳು ಉಳಿದು ವಸಂತದಲ್ಲಿ ಚಿಗುರುತ್ತವೆ. ಅಲ್ಲಿನವರು ಬುಡಕ್ಕೆ ಹುಲ್ಲು ಹೊದಿಸುವುದು, ನೆಲವು ಪದೇಪದೇ ಹೆಪ್ಪುಗಟ್ಟಿ ಕರಗಿ ಮೇಲ್ಬೇರುಗಳನ್ನು ಹೊರಕ್ಕೆ ತಳ್ಳದಿರಲೆಂದು. 1927ರಲ್ಲಿ ಆಲ್ಫ್ರೆಡ್ ರೇಡರ್, 1960ರಲ್ಲಿ ಅಮೆರಿಕದ ಕೃಷಿ ಇಲಾಖೆ, ಗಿಡಗಳ ಸಹಿಷ್ಣುತೆಯನ್ನು ತಿಳಿಸುವ ವಲಯಗಳ ನಕ್ಷೆಗಳನ್ನು ಪ್ರಕಟಿಸಿದುದೂ ಈ ಅಗತ್ಯದಿಂದಲೇ. ಈ ಇಲಾಖೆಯ ನಕ್ಷೆಗೆ ಆಧಾರ, ಪ್ರತಿ ವರ್ಷದ ಅತಿ ಕಡಿಮೆ ಉಷ್ಣಮಾನದ ಸರಾಸರಿ.

ಇನ್ನು ನಮ್ಮ ಊರಿನ ಸ್ಥಿತಿಯನ್ನು ನೋಡೋಣ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ರಾತ್ರಿಯ ಕನಿಷ್ಠ ಉಷ್ಣಮಾನದ ಸರಾಸರಿ ಸುಮಾರು 16 ಡಿಗ್ರಿ ಸೆಲ್ಸಿಯಸ್. ಇಲ್ಲಿ ದಾಖಲೆಯಾದ ಅತ್ಯಂತ ಕಡಿಮೆ ಉಷ್ಣಮಾನವೆಂದರೆ 1884ನೆಯ ಜನವರಿ 13ರಂದು ಕಂಡ 7.8 ಡಿಗ್ರಿ. ಅಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಅದೂ ಬಹಳ ಮೇಲೆಯೇ. ಸೇವಂತಿಗೆಯ ಶೀತಸಹಿಷ್ಣುತೆಯು ಇಲ್ಲಿ ಎಂದೂ ಪರೀಕ್ಷೆಗೆ ಒಳಗಾಗುವುದೇ ಇಲ್ಲ.

ಹಾಗಾದರೆ ಗಿಡಗಳು ಸಾಯುವುದೇಕೆ? ಇದಕ್ಕೆ ಉತ್ತರವನ್ನು ನಾವು ನಷ್ಟಪಟ್ಟು ಕಲಿತೆವು. ಕೆಲವು ವರ್ಷಗಳ ಹಿಂದೆ ಜಯನಗರದ ನಮ್ಮ ಮನೆಯ ಅಂಗಳದಲ್ಲಿ, ವಿದೇಶದ ಕೈಪಿಡಿಯೊಂದನ್ನು ನಂಬಿ, ನವೆಂಬರ್ ತಿಂಗಳಿನಲ್ಲಿ ಸೇವಂತಿಗೆಯ ಬುಡಕ್ಕೆ ದಪ್ಪನಾಗಿ ಹುಲ್ಲು ಹೊದಿಸಿದೆವು. ಹಿಂಗಾರು ಮಳೆಯ ನೀರು ಕೆಳಗೇ ನಿಂತಿತು. ಸಂಕ್ರಾಂತಿಯ ಹೊತ್ತಿಗೆ ಹೊದಿಕೆಯನ್ನು ಸರಿಸಿದಾಗ ಕಂದುಗಳೆಲ್ಲ ಕೊಳೆತು ಕಪ್ಪಾಗಿದ್ದುವು. ಪಕ್ಕದ ಮನೆಯವರು ಯಾವ ಗ್ರಂಥವನ್ನೂ ಓದದೆ ಎತ್ತರದ ಮಡಿಯಲ್ಲಿ ಹಾಗೆಯೇ ಬಿಟ್ಟಿದ್ದ ಗಿಡಗಳಲ್ಲಿ ಹೂವು ತುಂಬಿತ್ತು. ಬೆಂಗಳೂರಿನಲ್ಲಿ ಬಹುವಾರ್ಷಿಕ ಗಿಡದ ಶತ್ರು ಚಳಿಯಲ್ಲ, ಬುಡದಲ್ಲಿ ನಿಂತ ನೀರು.

ಚಳಿಗೂ ಹೂವಿಗೂ ಇರುವ ಸಂಬಂಧವೇನು? ಗಿಡಗಳು ಹೂಬಿಡುವುದು ಹಗಲು ರಾತ್ರಿಗಳ ಅವಧಿಯನ್ನು ಅವಲಂಬಿಸಿರಬಹುದೆಂದು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ತೋರಿಸಿಕೊಟ್ಟರು. ಸೇವಂತಿಗೆಯು ರಾತ್ರಿ ದೀರ್ಘವಾದಾಗ ಮೊಗ್ಗಾಗುವ ಜಾತಿಗೆ ಸೇರಿದುದು. ಬೆಂಗಳೂರಿನಲ್ಲಿ ಜೂನ್ ತಿಂಗಳಿನ ಅತಿ ದೀರ್ಘ ಹಗಲು ಕೂಡ 13 ಗಂಟೆಯನ್ನು ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಅದು ಹನ್ನೊಂದೂವರೆ ಗಂಟೆಗೂ ಕಡಿಮೆ. ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆಯ ಹೊಲಗಳಲ್ಲಿ ರಾತ್ರಿ ಸಾಲುಸಾಲಾಗಿ ಉರಿಯುವ ವಿದ್ಯುದ್ದೀಪಗಳನ್ನು ವಾಚಕರು ಕಂಡಿರಬಹುದು. ಅವು ಗಿಡವನ್ನು ಬೆಚ್ಚಗಿಡಲು ಅಲ್ಲ; ಕತ್ತಲೆಯನ್ನು ನಡುವೆ ಮುರಿದು, ಮೊಗ್ಗು ಬೇಗನೆ ಬಾರದಂತೆ ತಡೆಯಲು. ಚಳಿಗಾಲದ ಹೂವಿಗೆ ಕಾರಣ ದೀರ್ಘವಾದ ರಾತ್ರಿ. ಚಳಿಯು ಅದರ ಜೊತೆಗೆ ಬರುವುದು ಅಷ್ಟೆ.

ಆದುದರಿಂದ ಇಲ್ಲಿ ಅನುಸರಿಸಬೇಕಾದ ಕ್ರಮ ಸರಳವಾದುದು. ಹೂವು ಮುಗಿದ ಮೇಲೆ ಕಾಂಡವನ್ನು ಬುಡದ ಬಳಿ ಕತ್ತರಿಸಬೇಕು. ಹೊರಟ ಕಂದುಗಳನ್ನು ಬೇರುಸಹಿತ ಬಿಡಿಸಿ, ನೀರು ನಿಲ್ಲದ ಎತ್ತರದ ಮಡಿಯಲ್ಲಿ ನೆಡಬೇಕು. ಮಳೆಯು ಅಧಿಕವಾಗಿರುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬುಡವನ್ನು ತೆರೆದಿಡಬೇಕು.

ಜಯನಗರದ ಉತ್ತರದ ಅಂಚಿನಲ್ಲಿರುವ ಲಾಲ್‌ಬಾಗಿನ ಚರಿತ್ರೆಯು ಈ ಮಾತನ್ನು ಪುಷ್ಟೀಕರಿಸುತ್ತದೆ. ಹೈದರ್ ಅಲಿಯು 1760ರಲ್ಲಿ ಆರಂಭಿಸಿದ ಈ ತೋಟಕ್ಕೆ ಟಿಪ್ಪು ಸುಲ್ತಾನನು ಹೊರನಾಡುಗಳಿಂದ ಸಸಿ ಬೀಜಗಳನ್ನು ತರಿಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅಧಿಕಾರದಲ್ಲಿದ್ದ ಜಾನ್ ಕ್ಯಾಮರಾನ್ ಇಲ್ಲಿಗೆ ತಂದ ಸೀಮೆಬದನೆಯು ಇಂದು ನಮ್ಮ ಅಡಿಗೆಮನೆಯ ತರಕಾರಿ. ಹೊರಗಿನ ಗಿಡವು ಈ ಮಣ್ಣಿನಲ್ಲಿ ಬೆಳೆದು ತೋರಿಸಿದ ಬಳಿಕವೇ ಅದು ನಮ್ಮದಾಗುವುದು ಎಂಬುದೇ ಆ ತೋಟದ ಪಾಠ.

ಗಿಡಕ್ಕೆ ಸಲ್ಲುವ ಈ ಮಾತು ಗ್ರಂಥಕ್ಕೂ ಸಲ್ಲುತ್ತದೆ. ಶಾಸನವೊಂದನ್ನು ಓದುವಾಗ ಅದು ಎಲ್ಲಿ, ಯಾರಿಗಾಗಿ, ಯಾವ ಸಂದರ್ಭದಲ್ಲಿ ಹುಟ್ಟಿತೆಂದು ಕೇಳಬೇಕೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಕೈಪಿಡಿಯನ್ನು ತೆರೆದಾಗ ನಾವೇ ಆ ಪ್ರಶ್ನೆಯನ್ನು ಕೇಳಲಿಲ್ಲ. ಆ ಗ್ರಂಥದಲ್ಲಿ ಸುಳ್ಳೇನೂ ಇರಲಿಲ್ಲ. ಅದರಲ್ಲಿದ್ದ ಸತ್ಯವು ಬೇರೆ ನೆಲದ್ದಾಗಿತ್ತು.