ಹವಳದ ದ್ವೀಪದಲ್ಲೂ ಭರಣಿ, ರೋಹಿಣಿ

ಮಾಲ್ದೀವ್ಸ್‌ಗೆ ಹೊರಟಿದ್ದೇನೆ ಎಂದಾಗ ಪುಣೆಯ ನಮ್ಮ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ರೆಸಾರ್ಟ್?’ ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ಅಲ್ಲಿನ ಶಾಲೆಯೊಂದರಲ್ಲಿ ಗಣಿತ, ಕಂಪ್ಯೂಟರ್ ಹೇಳಿಕೊಡಲು ಹೋಗುತ್ತಿದ್ದೇನೆ ಅಂದರೆ ನಂಬಿದವರು ಕಡಿಮೆ.

ಮಾಲ್ದೀವ್ಸ್‌ನಲ್ಲಿ ಸುಮಾರು 1,200 ಹವಳದ ದ್ವೀಪಗಳಿವೆ. ಊರುಗಳಿರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ನಾನಿದ್ದ ದ್ವೀಪವನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದಲ್ಲಿ ನಡೆದು ಮುಗಿಸಬಹುದು. ಅಕ್ಕಿ, ಹಿಟ್ಟು, ಈರುಳ್ಳಿ ಎಲ್ಲವೂ ದೋಣಿಯಲ್ಲೇ ಬರಬೇಕು. ಆ ದೋಣಿಗೆ ಅವರೂ ‘ದೋನಿ’ ಎನ್ನುತ್ತಾರೆ. ಬೆಳಗಿನ ತಿಂಡಿಗೆ ‘ರೋಶಿ’ ಎಂಬ ರೊಟ್ಟಿ. ಜೊತೆಗೆ ಮೀನು, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿದ ‘ಮಾಸ್ ಹುನಿ’.

ಅವರ ಭಾಷೆ ದಿವೇಹಿ. ಲಿಪಿ ತಾನಾ, ಬರೆಯುವುದು ಬಲದಿಂದ ಎಡಕ್ಕೆ. ಅದರ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರೇಬಿಕ್‌ನ 1ರಿಂದ 9ರವರೆಗಿನ ಅಂಕಿಗಳಿಂದ. ಲೆಕ್ಕದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಕೆ? ಮಕ್ಕಳಿಗೆ ಸಿನಿಮಾ ನೋಡಿ ನೋಡಿ ಹಿಂದಿ ಬರುತ್ತಿತ್ತು. ಪುಣೆಯಲ್ಲಿ ರೂಢಿಯಾದ ನನ್ನ ಹಿಂದಿ ಅಲ್ಲಿ ಕೈಹಿಡಿಯಿತು.

ಆದರೆ ಶಾಲೆಯ ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ದೊಡ್ಡ ಮಕ್ಕಳಿಗೆ ಕೇಂಬ್ರಿಡ್ಜ್‌ನ ಪರೀಕ್ಷೆ. ಹತ್ತನೇ ತರಗತಿಯ ನಂತರ ಓದಬೇಕೆಂದರೆ ಅನೇಕ ದ್ವೀಪಗಳ ಮಕ್ಕಳು ಊರು ಬಿಡಲೇಬೇಕು. ಬಹಳ ಮಂದಿ ಹೋಗುವುದು ರಾಜಧಾನಿ ಮಾಲೆಗೆ. ಒಬ್ಬ ತಾಯಿ ನನಗೆ ಹೇಳಿದರು: ‘ಚೆನ್ನಾಗಿ ಓದಿಸಿ ಸರ್. ಆದರೆ ಚೆನ್ನಾಗಿ ಓದಿದವರು ಯಾರೂ ಇಲ್ಲಿಗೆ ವಾಪಸ್ ಬಂದಿಲ್ಲ.’ ಹಾವೇರಿ ಜಿಲ್ಲೆಯ ನಮ್ಮೂರಿನಲ್ಲೂ ಇದೇ ಕಥೆ. ಎಂ.ಟೆಕ್ ಮುಗಿಸಿ ಪುಣೆ ಸೇರಿದ ನಾನೇ ಅದಕ್ಕೆ ಸಾಕ್ಷಿ. ಆ ತಾಯಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಕಲಿಸುವ ಪಾಠದಲ್ಲಾದರೂ ಆ ಊರು ಇರಬೇಕು ಅನ್ನಿಸಿತು.

ದಾರಿ ತೋರಿಸಿದ್ದು ಎಂಟನೇ ತರಗತಿಯ ಹುಡುಗಿ. ‘ನಾಳೆಯಿಂದ ಹೊಸ ನಕೈ, ಸಮುದ್ರ ಒರಟಾಗುತ್ತದೆ ಎಂದು ಅಜ್ಜ ಹೇಳಿದ್ದಾರೆ’ ಅಂದಳು. ನಕೈ ಅಂದರೇನು ಎಂದು ಕೇಳಿದೆ. ಅವಳು ಹೆಸರುಗಳನ್ನು ಹೇಳುತ್ತಾ ಹೋದಳು: ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿಯ, ಅದ... ನನಗೆ ರೋಮಾಂಚನ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ! ನಮ್ಮಪ್ಪ ಬಿತ್ತನೆಗೆ ಲೆಕ್ಕ ಹಾಕುವ ಅದೇ ಮಳೆ ನಕ್ಷತ್ರಗಳು. ಅಲ್ಲಿ ಮೀನುಗಾರರು ಅವನ್ನು ನಂಬಿ ಕಡಲಿಗಿಳಿಯುತ್ತಾರೆ. ಒಟ್ಟು 27 ನಕೈಗಳಲ್ಲಿ ನೈಋತ್ಯ ಗಾಳಿಯ ‘ಹುಳಂಗು’ ಕಾಲಕ್ಕೆ 18, ಈಶಾನ್ಯ ಗಾಳಿಯ ‘ಇರುವೈ’ ಕಾಲಕ್ಕೆ 9.

ಮರುದಿನ ಬೋರ್ಡಿನ ಮೇಲೆ ಬರೆದೆ: ವರ್ಷಕ್ಕೆ 365 ದಿನ, ನಕೈ 27. ಪ್ರತಿಯೊಂದಕ್ಕೂ 13 ಅಥವಾ 14 ದಿನ. ಹಾಗಾದರೆ 14 ದಿನದವು ಎಷ್ಟು? ಎರಡು ಸಮೀಕರಣ, ಹತ್ತು ನಿಮಿಷ. 14 ದಿನದವು 14, 13 ದಿನದವು 13. ಹದಿನಾಲ್ಕರ ವರ್ಗಕ್ಕೆ ಹದಿಮೂರರ ವರ್ಗ ಸೇರಿಸಿದರೆ ಸರಿಯಾಗಿ 365. ಅದುವರೆಗೆ ಬಾಯಿ ಬಿಡದಿದ್ದ ಹುಡುಗನೊಬ್ಬ ಎದ್ದು ನಿಂತು, ‘ಇದು ನಮ್ಮಜ್ಜನಿಗೆ ಗೊತ್ತಾ ಸರ್?’ ಎಂದ.

ಮುಂದಿನ ಪಾಠಗಳೆಲ್ಲ ಅದರ ಮೇಲೆಯೇ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಳೆ ಅಳೆದೆವು. ಮಕ್ಕಳು ಮನೆಯ ಹಿರಿಯರನ್ನು ಕೇಳಿ ಪ್ರತಿ ನಕೈಯ ಗುಣ ಬರೆದು ತಂದರು. ಕಂಪ್ಯೂಟರ್‌ನಲ್ಲಿ ಪಟ್ಟಿ ಮಾಡಿ, ಗ್ರಾಫ್ ಎಳೆದು ಹೋಲಿಸಿದರು. ಕೆಲವು ದಿನ ಅಜ್ಜಂದಿರು ಗೆದ್ದರು, ಕೆಲವು ದಿನ ಸೋತರು. ‘ಈಗೀಗ ನಕೈ ಮಾತು ಕೇಳುವುದಿಲ್ಲ’ ಎಂದರು ಒಬ್ಬ ಹಿರಿಯರು. ಆ ರಾತ್ರಿ ಫೋನಿನಲ್ಲಿ ಹೇಳಿದರೆ ಅಪ್ಪನೂ ಅದನ್ನೇ ಅಂದರು: ‘ರೋಹಿಣಿ ಮಳೇನೂ ಮೊದಲಿನಂಗಿಲ್ಲೋ ತಮ್ಮಾ.’ ನೆಲವು ಸಮುದ್ರಮಟ್ಟಕ್ಕಿಂತ ಹೆಚ್ಚು ಎತ್ತರವಿಲ್ಲದ ದೇಶದಲ್ಲಿ ಆ ಮಾತು ಹಗುರವಾದದ್ದಲ್ಲ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಹೋಗುವ ಮನಸ್ಸಿದ್ದರೆ ಮೂರು ಮಾತು. ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಮಾಡುವಂತಿಲ್ಲ; ಶಾಲೆಯ ಒಪ್ಪಿಗೆ, ಸರ್ಕಾರದ ಅನುಮತಿ ಮೊದಲೇ ಪಡೆಯಿರಿ. ಎರಡು ವಾರಕ್ಕೆ ಹೋಗಬೇಡಿ, ಮಕ್ಕಳ ಹೆಸರು ಕಲಿಯಲೇ ಅಷ್ಟು ಬೇಕು. ಅಲ್ಲಿನ ಶಿಕ್ಷಕರ ಜೊತೆಗೂಡಿಯೇ ಪಾಠ ಮಾಡಿ, ನಾವು ಬಂದ ಮೇಲೂ ತರಗತಿ ನಡೆಸುವವರು ಅವರೇ.

ನಮ್ಮ ಮಳೆ ಪುಸ್ತಕವನ್ನು ಈಗ ಅಲ್ಲಿನ ಗಣಿತದ ಟೀಚರ್ ಮುಂದುವರಿಸುತ್ತಿದ್ದಾರೆ. ಹೊಸ ನಕೈ ಶುರುವಾದಾಗ ಆ ಪುಟದ ಫೋಟೊ ಕಳಿಸುತ್ತಾರೆ. ನಾನು ಅದನ್ನು ಅಪ್ಪನಿಗೆ ಕಳಿಸುತ್ತೇನೆ.